ಕೇಳದೆ ಬಂದ ಮೌಸ್

ಜನವರಿ 6

ಬಿಚ್ಚಪ್ಪನಿಗೆ ಅತ್ತಿಗೆಯ ಆಶೀರ್ವಾದ.

ಕಾಗದ ನೋಡಿದ ತಕ್ಷಣ ಯಾರಿಗೇನಾಯ್ತೋ ಅಂತ ಗಾಬರಿ ಬೀಳ್ಬೇಡ, ಎಲ್ಲರೂ ನೆಟ್ಟಗೇ ಇದ್ದೀವಿ. ಇದು ಫೋನಲ್ಲಿ ಹೇಳೋ ಮಾತಲ್ಲ. ಮನೇಲಿರೋದು ಒಂದೇ ಫೋನು, ಅದು ಸದಾ ನಿಮ್ಮಣ್ಣನ ಜೇಬಲ್ಲಿ. ನಾನು ಯಾರ ಹತ್ರ ಮಾತಾಡಿದ್ರೂ ಪಕ್ಕದಲ್ಲಿ ನಿಂತು "ಯಾರದು, ಏನಂತೆ" ಅಂತ ಶುರು ಮಾಡ್ತಾರೆ.

ನನಗೊಂದು ಲ್ಯಾಪ್‌ಟಾಪ್ ಬೇಕು. ನಗು, ನಕ್ಕು ಮುಗಿಸಿ ಆಮೇಲೆ ಮುಂದೆ ಓದು. ಸಂಜೆ ಒಂದು ಕ್ಲಾಸಿಗೆ ಹೋಗ್ತಿದ್ದೀನಿ, ಎಂಬ್ರಾಯ್ಡರಿ ಡಿಸೈನನ್ನ ಕಂಪ್ಯೂಟರಲ್ಲಿ ಮಾಡೋದು ಕಲಿಸ್ತಾರೆ. ಅಲ್ಲಿನ ಮೇಡಂ ಹೇಳೋ ಪ್ರಕಾರ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗೇ ಇರಬೇಕಂತೆ, ಮೆಮೊರಿ ಹದಿನಾರು ಜಿಬಿಗೆ ಕಮ್ಮಿ ಇರಬಾರದಂತೆ. ಪರದೆ ಮೇಲಿನ ಚಿತ್ರ ಹಿಡಿದು ಗಿರಗಿರ ತಿರುಗಿಸಿದ್ರೆ ಮಿಷನ್ನು ಏದುಸಿರು ಬಿಡಬಾರದು. ಮೈ ಗಟ್ಟಿಮುಟ್ಟಾಗಿರಬೇಕು. ಎರಡು ಬಸ್ ಬದಲಾಯಿಸಿ ಓಡಾಡೋಳು ನಾನು, ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತೆ. ಇನ್ನು ಮನೇಲಿ ನಿಮ್ಮಣ್ಣ ಹಲ್ಲಿನ ಡಾಕ್ಟರುಗಳಿಗೆ ಕಟ್ಟೋ ಹಲ್ಲು ಮಾಡಿಕೊಡೋವಾಗ ಏಳೋ ಪ್ಲಾಸ್ಟರ್ ಧೂಳು ನಿನಗೇ ಗೊತ್ತು, ಸಕ್ಕರೆ ಡಬ್ಬಿಯೊಳಗೂ ಹೋಗಿ ಕೂತಿರುತ್ತೆ.

ನನ್ನ ಹತ್ರ ಇರೋ ದುಡ್ಡು ಹೊಸದೊಂದರ ಮೂರನೇ ಒಂದು ಪಾಲು. ಅದಕ್ಕೆ ಮೇಲೆ ಒಂದು ಬಿಡಿಗಾಸೂ ಇಲ್ಲ, ಚೌಕಾಸಿ ಮಾಡ್ಬೇಡ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಆದ್ರೆ ಹತ್ತು ವರ್ಷ ದುಡಿಯೋ ಹಾಗಿರಬೇಕು.

ನಿಮ್ಮಣ್ಣನಿಗೆ ಒಂದಕ್ಷರ ತಿಳೀಬಾರದು. ಉತ್ತರ ಮನೆಗೆ ಹಾಕಬೇಡ, ಕೆಳಗೆ ಬರೆದಿರೋ ಜೆರಾಕ್ಸ್ ಅಂಗಡಿ ವಿಳಾಸಕ್ಕೆ ಹಾಕು. ಅಂಗಡಿಯಾಕೆ ನನಗೆ ಬೇಕಾದವಳು. ಯಾಕೆ, ಏನು ಅಂತ ಕೇಳ್ಬೇಡ.

ಅತ್ತಿಗೆ

ಜನವರಿ 14

ಅತ್ತಿಗೆಗೆ ನಮಸ್ಕಾರ.

ನಕ್ಕು ಮುಗಿಸಿದೆ. ಆಮೇಲೆ ಎರಡನೇ ಸಲ ಓದಿದೆ, ನಗು ಬರಲಿಲ್ಲ.

ಮೊದಲು ಮಿಷನ್ನಿನ ಮಾತು. ನೀವು ಹೇಳೋ ದುಡ್ಡಿಗೆ ಹೊಸದು ಕೊಂಡ್ರೆ ಬರೋದು ಪ್ಲಾಸ್ಟಿಕ್ ಡಬ್ಬಿ. ಹೊಳಪೇನೋ ಚೆನ್ನಾಗಿರುತ್ತೆ, ವರ್ಷದೊಳಗೆ ಮುಚ್ಚಳದ ಕೀಲು ಕಿತ್ತು ನನ್ನಂಥೋನ ಟೇಬಲ್ಲಿಗೆ ಬಂದು ಮಲಗುತ್ತೆ. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ಹೊರಹಾಕೋ ಮಾಲಿದೆ ನೋಡಿ, ಲೋಹದ ಮೈ, ಭಾರ ಜಾಸ್ತಿ, ಅಂದ ಇಲ್ಲ. ಅದು ಬಾಳುತ್ತೆ. ಬ್ಯಾಟರಿ ಹೊಸದು ಹಾಕಿ, ಫ್ಯಾನಿನ ಧೂಳು ತೆಗೆದು, ಒಳಗೆ ಬಿಸಿ ತಗ್ಗಿಸೋ ಪೇಸ್ಟ್ ಒಣಗಿರುತ್ತೆ, ಅದನ್ನ ಬದಲಾಯಿಸಿದ್ರೆ ಕುದುರೆ. ಅಂಥದ್ದು ಸಿಗೋತನಕ ತಾಳ್ಮೆ ಬೇಕು, ಇವತ್ತು ಕೇಳಿ ನಾಳೆ ಸಿಗಲ್ಲ.

ಈಗ ಇನ್ನೊಂದು ಮಾತು. ನನ್ನ ಗಿರಾಕಿಯೊಬ್ಬಳು ಎಂಬ್ರಾಯ್ಡರಿಯಲ್ಲೇ ಮನೆ ಕಟ್ಟಿಸಿದ್ದಾಳೆ. ಅವಳ ಕಂಪ್ಯೂಟರ್ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ, ಗುಜರಿಯೋನೂ ಮೂಸಲ್ಲ. ಅಷ್ಟರಲ್ಲೇ ಎಲ್ಲ ನಡೀತಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಅತ್ತಿಗೆ? ಗಿರಗಿರ ತಿರುಗಿಸೋಕೆ ಎಂಬ್ರಾಯ್ಡರಿ ಏನು ಬುಗುರಿಯಾ? ಬಟ್ಟೆ ಮೇಲೆ ಚಪ್ಪಟೆಯಾಗಿ ಕೂರೋದಲ್ವಾ ಅದು?

ಸಂಜೆ ಕ್ಲಾಸು, ಅಣ್ಣನಿಗೆ ಗುಟ್ಟು, ಬೇರೆಯವರ ವಿಳಾಸ. ಇದನ್ನೇ ಬೇರೆ ಯಾವ ಹೆಂಗಸಿನ ಬಗ್ಗೆ ಕೇಳಿದ್ರೂ ನೀವೇ ಮೊದಲು ಹುಬ್ಬೇರಿಸ್ತಿದ್ರಿ. ಹತ್ತನೇ ವಯಸ್ಸಿಂದ ನನ್ನ ಸಾಕಿದೋನು ಅಣ್ಣ. ಮನೆ ರೇಡಿಯೋ ಬಿಚ್ಚಿ ಹಾಳುಮಾಡಿದಾಗ ಹೊಡೆಯೋ ಬದಲು ಬೆಸುಗೆ ಕಡ್ಡಿ ಕೊಡಿಸಿ "ಈಗ ಜೋಡಿಸು" ಅಂದೋನು. ಬಿಚ್ಚಪ್ಪ ಅಂತ ಹೆಸರಿಟ್ಟೋನೂ ಅವನೇ. ಅವನ ಬೆನ್ನ ಹಿಂದೆ ಏನೋ ಮಾಡೋದು ನನಗೆ ಗಂಟಲಲ್ಲಿ ಇಳೀತಿಲ್ಲ.

ಹುಡುಕ್ತೀನಿ. ಆದ್ರೆ ನಿಜ ಹೇಳಿದ್ರೆ ಬೇಗ ಹುಡುಕ್ತೀನಿ.

ನಿಮ್ಮ ಮೈದುನ

ಜನವರಿ 21

ಮೈದುನರಾಯರಿಗೆ,

ನೀನು ಲ್ಯಾಪ್‌ಟಾಪ್ ರಿಪೇರಿಯೋನೋ, ಪೊಲೀಸಿನೋನೋ? ಎಂಬ್ರಾಯ್ಡರಿ ಚಪ್ಪಟೆಯೋ ದುಂಡಗೋ ಅದು ನನ್ನ ತಲೆನೋವು. "ನಿಜ ಹೇಳಿದ್ರೆ ಬೇಗ" ಅಂತೆ! ನಿನ್ನ ಬೇಳೆ ನನ್ನ ಹತ್ರ ಬೇಯಲ್ಲ. ಇಲ್ಲಸಲ್ಲದ ಪ್ರಶ್ನೆ ಕೇಳಿ ಕಾಲ ತಳ್ಳಿ, ಕೊನೆಗೆ "ಇದೊಂದೇ ಸಿಕ್ಕಿದ್ದು ಅತ್ತಿಗೆ" ಅಂತ ಯಾವುದೋ ಸತ್ತ ಮಾಲು ನನ್ನ ತಲೆಗೆ ಕಟ್ಟೋ ಉಪಾಯ ಅಂತ ನನಗೆ ಅನುಮಾನ.

ಯಾಕೆ ಅನುಮಾನ ಅಂದ್ರೆ ಹೇಳ್ತೀನಿ ಕೇಳು. ನಮ್ಮ ಮೇಲ್ಗಡೆ ಮನೆ ಟೀಚರು ತನ್ನ ಚಿಕ್ಕಪ್ಪನ ಮಗನ ಹತ್ರವೇ ಒಂದು ತಗೊಂಡ್ಳು. ಹೊರಗೆ ಕನ್ನಡಿ ಹಾಗೆ ಫಳಫಳ, ಒಳಗೆ ಹೇಳಿದ್ದರಲ್ಲಿ ಅರ್ಧ ಮೆಮೊರಿ, ಬ್ಯಾಟರಿ ಊದಿಕೊಂಡಿತ್ತು. ಕೇಳಿದ್ರೆ "ನಿನಗೋಸ್ಕರ ಲಾಸಲ್ಲಿ ಕೊಟ್ಟೆ" ಅಂದನಂತೆ. ನೆಂಟರಿಗೆ ಟೋಪಿ ಹಾಕೋದು ಸುಲಭ, ಜಗಳ ಆಡೋಕೆ ನಾಚಿಕೊಳ್ತಾರೆ. ನಾನು ನಾಚಿಕೊಳ್ಳೋಳಲ್ಲ, ಬಸ್ ಹತ್ತಿ ಬಂದು ನಿನ್ನ ಅಂಗಡಿ ಮುಂದೆ ನಿಂತು ಬೀದಿ ಕೂಡಿಸ್ತೀನಿ.

ದುಡ್ಡು ಜೆರಾಕ್ಸ್ ಅಂಗಡಿಯಾಕೆ ಫೋನಿಂದ ಈ ವಾರ ಬರುತ್ತೆ. ಮಿಷನ್ನಿನ ಹಿಂಬದಿ ನಂಬರು ಬರೆದು ಕಳಿಸು.

ಇಷ್ಟು ಮಾತ್ರ ನಿಜ ಹೇಳ್ತೀನಿ. ಮಾರ್ಚ್ ಮಧ್ಯದೊಳಗೆ ನನ್ನ ಕೈ ಪಳಗಬೇಕು. ಆ ದಿನ ತಪ್ಪಿದ್ರೆ ನಮ್ಮ ಊಟಕ್ಕೇ ಕಲ್ಲು ಬೀಳುತ್ತೆ. ತಮಾಷೆ ಮಾಡ್ತಿಲ್ಲ.

ಅತ್ತಿಗೆ

ಫೆಬ್ರವರಿ 2

ಅತ್ತಿಗೆಗೆ,

ಸಿಕ್ತು. ಕಟ್ಟಡಗಳ ನಕ್ಷೆ ಮಾಡೋ ಕಂಪನಿಯೊಂದು ಹೊರಹಾಕಿದ ಮಾಲು. ಬಲಗಡೆ ಮೂಲೆಯಲ್ಲಿ ಒಂದು ತಗ್ಗಿದೆ, ನೋಡಿ ಬೈಬೇಡಿ. ಅದು ಒಮ್ಮೆ ಬಿದ್ದೂ ಬದುಕಿದ್ದು, ಬೀಳದೇ ಇರೋದಕ್ಕಿಂತ ನನಗೆ ಅದರ ಮೇಲೆ ಜಾಸ್ತಿ ನಂಬಿಕೆ. ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ನನ್ನ ಕೈ ಸೋತಿತು, ಕೀಲು ಜಪ್ಪಯ್ಯ ಅನ್ನಲಿಲ್ಲ. ದುಂಡನೆ ಚಿತ್ರಗಳನ್ನ ಒಂದು ಇಡೀ ಮಧ್ಯಾಹ್ನ ತಿರುಗಿಸಿದೆ, ಬಿಸಿಯಾಯ್ತೇ ವಿನಾ ತಡವರಿಸಲಿಲ್ಲ. ಮೆಮೊರಿ ನೀವು ಹೇಳಿದ ಹದಿನಾರು. ನಂಬರು ಬೇರೆ ಚೀಟಿಯಲ್ಲಿದೆ. ನಾಳೆ ಪಾರ್ಸೆಲ್ ಹಾಕ್ತೀನಿ.

ಅಣ್ಣನಿಗೆ ಫೋನ್ ಮಾಡಿದ್ದೆ. ನಿಮ್ಮ ಗುಟ್ಟು ಬಿಡಲಿಲ್ಲ, ನಿಮ್ಮಾಣೆ. ಸುಮ್ಮನೆ ಕ್ಷೇಮ ಕೇಳಿದೆ. "ನಿಮ್ಮತ್ತಿಗೆ ಸಂಜೆ ಹೊತ್ತು ಮನೇಲಿರಲ್ಲ" ಅಂದ, ಅಷ್ಟೆ. ಮೊದಲೆಲ್ಲ ಅರ್ಧ ಗಂಟೆ ನನ್ನ ತಲೆ ತಿನ್ನೋನು ಎರಡು ಮಾತಿಗೆ ಇಟ್ಟುಬಿಟ್ಟ. ಮಧ್ಯದಲ್ಲಿ ಒಮ್ಮೆ ಫೋನು ಕೈಜಾರಿ ಬಿತ್ತು ಅಂತ ಕಾಣುತ್ತೆ, ಧಡ್ ಅಂತ ಸದ್ದು. ಎತ್ತಿಕೊಂಡು ಯಾಕೋ ಸಿಟ್ಟಲ್ಲಿ ಮಾತಾಡಿದ. ನನ್ನಣ್ಣ ನನ್ನ ಮೇಲೆ ಸಿಟ್ಟು ಮಾಡಿದ್ದು ನೆನಪಿಲ್ಲ.

ಅಡ್ಡಗೋಡೆ ಮೇಲೆ ದೀಪ ಇಡೋದು ನನಗೆ ಬರಲ್ಲ, ನೇರವಾಗೇ ಕೇಳ್ತೀನಿ. ಮನೆ ಬಿಟ್ಟು ಹೋಗೋ ಯೋಚನೆ ಮಾಡಿದ್ದೀರಾ? ಮಾರ್ಚ್ ಮಧ್ಯ ಅಂದ್ರೆ ಅದೇನಾ? ಈ ಲ್ಯಾಪ್‌ಟಾಪು ಯಾವ ಹೊಸ ಬದುಕಿಗೆ?

ಮೈದುನ

ಫೆಬ್ರವರಿ 12

ಬಿಚ್ಚಪ್ಪ,

ಪಾರ್ಸೆಲ್ ಬಂತು.

ಮನೆ ಬಿಟ್ಟು ಹೋಗೋಳಿಗೆ ಲ್ಯಾಪ್‌ಟಾಪ್ ಯಾಕಪ್ಪಾ, ಚಪ್ಪಲಿ ಸಾಕು. ಈ ಮಾತು ಬರೆಯೋಕೆ ನಿನಗೆ ಕೈ ಹೇಗೆ ಬಂತು? ಓದಿ ಜೆರಾಕ್ಸ್ ಅಂಗಡೀಲೇ ಕೂತು ಅತ್ತೆ. ಅಂಗಡಿಯಾಕೆ ನನಗೆ ಯಾರೋ ಬೆದರಿಕೆ ಕಾಗದ ಹಾಕ್ತಿದ್ದಾರೆ ಅಂದ್ಕೊಂಡ್ಳು. ಇನ್ನೊಮ್ಮೆ ಆ ಮಾತೆತ್ತಿದ್ರೆ ನಿನ್ನ ಮುಖ ನೋಡಲ್ಲ.

ಈಗ ನನ್ನ ಸರದಿ. ಹಿಂಬದಿ ತಿರುಪುಗಳಲ್ಲಿ ಎರಡು ಬೇರೆ ಬಣ್ಣ ಇವೆ. ಯಾಕೆ ಬಿಚ್ಚಿದೆ? ಒಳಗಿಂದ ಏನು ತೆಗೆದುಕೊಂಡೆ? ಒಂದು ಕಡೆ ಏನೋ ಸ್ಟಿಕರ್ ಕಿತ್ತ ಅಂಟು ಕೂಡ ಇದೆ. ಸದ್ಯಕ್ಕೇನೋ ಚಿತ್ರ ಸಲೀಸಾಗಿ ತಿರುಗ್ತಿದೆ, ಸುಳ್ಳು ಹೇಳಲ್ಲ. ಇಂಟರ್ನೆಟ್ಟು ಮೇಲ್ಗಡೆ ಟೀಚರ ಮನೇದು. ಕ್ಲಾಸಿನ ಮೇಡಮ್ಮೂ ಬೆರಗಾದ್ರು. ಆದ್ರೆ ಮೊದಲ ವಾರ ಎಲ್ಲ ಅಳಿಯಂದ್ರೂ ಒಳ್ಳೆಯೋರೇ.

ನಿಮ್ಮಣ್ಣನಿಗೆ ಕ್ಲಾಸಿನವರು ಎರವಲು ಕೊಟ್ಟಿದ್ದು ಅಂತ ಹೇಳಿದ್ದೀನಿ. ಬಾಯಿಗೆ ಬೀಗ ಹಾಕ್ಕೊಂಡಿರು.

ಅತ್ತಿಗೆ

ಫೆಬ್ರವರಿ 22

ಅತ್ತಿಗೆಗೆ ನಮಸ್ಕಾರಗಳು.

ಮನೆ ಬಿಡೋ ಮಾತು ಕೇಳಿದ್ದು ನನ್ನ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ.

ತಿರುಪು ಎರಡು ಕಳೆದುಹೋಗಿದ್ವು, ಬೇರೆ ಹಾಕಿದೆ, ಅಷ್ಟೇ ಕಥೆ. ಒಳಗಿಂದ ಏನೂ ತೆಗೆದಿಲ್ಲ.

ಇದರ ಜೊತೆ ಒಂದು ಮೌಸ್ ಕಳಿಸಿದ್ದೀನಿ. ದುಡ್ಡು ಬೇಡ. ನಿಮ್ಮ ಹತ್ರ ಇರೋದು ಸರಿ ಇಲ್ಲದಿರಬಹುದು. ಪರದೆ ಮೇಲಿನ ಬಾಣ ಒಂದು ಕಡೆ ನಿಲ್ಲದೆ ಅದುರ್ತಾ ಇದ್ರೆ ಇದನ್ನ ಹಾಕಿ ನೋಡಿ, ಕೆಳಗೆ ಒಂದು ದಪ್ಪ ಬಟ್ಟೆ ಹಾಸಿ.

ಅಣ್ಣ ಹೇಗಿದ್ದಾನೆ? ಸರಿಯಾಗಿ ಊಟ ಮಾಡ್ತಾನಾ? ಡಾಕ್ಟರ ಹತ್ರ ಏನಾದ್ರೂ ಹೋಗಿದ್ನಾ? ಸುಮ್ಮನೆ ಕೇಳಿದೆ.

ನಿಮ್ಮ ಮೈದುನ

ಮಾರ್ಚ್ 3

ಏನಪ್ಪಾ ಮಹಾನುಭಾವ,

ನಿನ್ನ ಮೌಸ್ ಬಂದಾಗಲೇ ನನ್ನ ತಲೆಯಲ್ಲಿ ಹುಳ ಬಿಟ್ಟಂಗಾಯ್ತು. ಬಾಣ ಅದುರುತ್ತೆ ಅಂತ ನಾನು ಯಾವ ಕಾಗದದಲ್ಲಿ ಬರೆದಿದ್ದೆ? ಬಾಯಿಬಿಟ್ಟು ಯಾರ ಹತ್ರ ಹೇಳಿದ್ದೆ? ತಮಾಷೆ ಇಲ್ಲ, ಬೈಗುಳ ಇಲ್ಲ, "ಅಣ್ಣ ಡಾಕ್ಟರ ಹತ್ರ ಹೋಗಿದ್ನಾ" ಅಂತೆ. ಬಿಚ್ಚಪ್ಪ ಇಷ್ಟು ಮೃದುವಾಗಿ ಬರೀತಾನೆ ಅಂದ್ರೆ ಏನೋ ಕಳ್ಳತನ ಮಾಡಿದ್ದಾನೆ ಅಂದ್ಕೊಂಡೆ. ಮಿಷನ್ನಿನ ಒಳಗಿನ ಸಾಮಾನು ಕದ್ದಿದ್ದಾನೆ, ಅದಕ್ಕೇ ಈಗ ಮೌಸ್ ಕೊಟ್ಟು ಮೂಗಿಗೆ ತುಪ್ಪ ಸವರ್ತಿದ್ದಾನೆ ಅಂತ.

ಶುಕ್ರವಾರ ಮಧ್ಯಾಹ್ನ ಏನಾಯ್ತು ಗೊತ್ತಾ? ನಿನಗೆ ಗೊತ್ತು. ಆದ್ರೂ ಈ ಕಡೆಯಿಂದ ಹೇಗಿತ್ತು ಅಂತ ಕೇಳು.

ನಿಮ್ಮಣ್ಣ ಅವತ್ತು ತಾವೇ ಮೌಸ್ ಹಿಡಿದಿದ್ರು. ಬಲಗೈ ಮಣಿಕಟ್ಟಿನ ಮೇಲೆ ಎಡಗೈ ಒತ್ತಿ ಇಟ್ಕೊಂಡು, ಉಸಿರು ಬಿಗಿಹಿಡಿದು, ಒಂದು ದವಡೆ ಹಲ್ಲಿನ ಗೀರು ಎಳೀತಿದ್ರು. ಬರ್ತಿತ್ತು ಕಣೋ! ಒರಟಾಗಾದ್ರೂ ಬರ್ತಿತ್ತು. ಇದ್ದಕ್ಕಿದ್ದ ಹಾಗೆ ಬಾಣ ಕೈಬಿಟ್ಟು ಓಡ್ತು. ಸೀದಾ ಮೇಲಿನ ಮೂಲೆಗೆ ಹೋಗಿ ಯಾವುದೋ ಪೆಟ್ಟಿಗೆ ತೆರೆದು, ಏನೋ ಒತ್ತಿ, ಮುಚ್ಚಿ, ನಿಂತ್ಕೊಳ್ತು. ಅವರು ಬೆಂಕಿ ಮುಟ್ಟಿದೋರ ಹಾಗೆ ಕೈ ತೆಗೆದ್ರು. "ನೋಡಿದ್ಯಾ, ಈ ಕೈ ಇಷ್ಟು ದಿನ ನಡುಗ್ತಿತ್ತು, ಈಗ ನನ್ನ ಮಾತೇ ಕೇಳಲ್ಲ" ಅಂದ್ರು. ಎದ್ದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಅವತ್ತಿಂದ ಟೇಬಲ್ ಹತ್ರ ಬಂದಿಲ್ಲ. ಹಲ್ಲಿನ ಮಾತೆತ್ತಿದ್ರೆ ಎದ್ದು ಹೋಗ್ತಾರೆ.

ಮಿಷನ್ನೇ ಕೆಟ್ಟಿದೆ ಅಂತ ನಾನೂ ಜೆರಾಕ್ಸ್ ಅಂಗಡಿಯಾಕೆಯೂ ಹಿಂದಿನ ಬೀದಿ ರಿಪೇರಿಯೋನ ಹತ್ರ ಬಿಚ್ಚಿಸಿದ್ವಿ. ಅವನು ಏನಂದ ಗೊತ್ತಾ? ಮೆಮೊರಿ ಹದಿನಾರಲ್ಲ, ಮೂವತ್ತೆರಡಿದೆಯಂತೆ. ಬ್ಯಾಟರಿ ಹೊಚ್ಚ ಹೊಸದಂತೆ. "ಈ ಬೆಲೆಗೆ ಇದನ್ನ ಕೊಟ್ಟೋನು ಒಂದೋ ಹುಚ್ಚ, ಇಲ್ಲ ಕಳ್ಳಮಾಲಿನೋನು" ಅಂದ. ನನಗೆ ನಾಚಿಕೆಯಾಗಿ ಮಿಷನ್ನು ಎತ್ತಿಕೊಳ್ಳೋಕೆ ಹೋದೆ. ಅಷ್ಟರಲ್ಲಿ ಅವನೇ, "ಇನ್ನೊಂದಿದೆ ನೋಡಿ, ದೂರ ಕೂತು ಈ ಪರದೆ ನೋಡೋ ಪ್ರೋಗ್ರಾಂ. ಹಾಕಿದೋನು ಅಲ್ಲಿಂದಲೇ ಮೌಸ್ ಕೂಡ ಆಡಿಸಬಹುದು" ಅಂದ.

ಥೂ ನಿನ್ನ. ನಾನು ಒಳಗಿಂದ ಏನು ತೆಗೆದೆ ಅಂತ ಕೇಳ್ತಿದ್ದೆ, ಏನು ಇಟ್ಟೆ ಅಂತ ಕೇಳಬೇಕಿತ್ತು. ನಮ್ಮ ಮನೆ ಕಿಟಕಿ ಸಂದಿಯಿಂದ ಇಣುಕಿದ ಹಾಗಲ್ವೇನೋ ಇದು?

ಸರಿ, ನೋಡಿದ್ದಾಯ್ತಲ್ಲ, ಉಳಿದಿದ್ದನ್ನೂ ಕೇಳಿಸ್ಕೋ. ಎಂಬ್ರಾಯ್ಡರಿ ಸುಳ್ಳು. ನಾನು ಹೋಗೋದು ಹಲ್ಲಿನ ಡಿಸೈನ್ ಕ್ಲಾಸಿಗೆ. ಡಾಕ್ಟರುಗಳ ಕೆಲಸ ನಿಮ್ಮಣ್ಣನಿಗೆ ಕೊಡೋ ಹಲ್ಲಿನ ಲ್ಯಾಬಿನ ಯಜಮಾನಿ, ಮೇಣದಲ್ಲಿ ಹಲ್ಲು ಕೆತ್ತಿಸೋದು ನಿಲ್ಲಿಸ್ತಿದ್ದಾರೆ. ಇನ್ಮೇಲೆ ಹಲ್ಲನ್ನ ಪರದೆ ಮೇಲೆ ಕೆತ್ತಿ ಕೊಟ್ರೆ ಅಲ್ಲಿನ ಮಿಷನ್ನು ಕೊರೆಯುತ್ತೆ. ಮಾರ್ಚ್ ಹದಿನೈದಕ್ಕೆ ಮೂರು ಹಲ್ಲು ಮಾಡಿ ತೋರಿಸಬೇಕು. ಪಾಸಾದ್ರೆ ಕೆಲಸ, ಇಲ್ಲಾಂದ್ರೆ ನಮಸ್ಕಾರ. ಮೇಣದ ಕೆಲಸವೂ ಒಂದು ವರ್ಷದಿಂದ ಮಾಡ್ತಿರೋದು ನನ್ನ ಕೈಯೇ. ನಿಮ್ಮಣ್ಣ ಪಕ್ಕದಲ್ಲಿ ಕೂತು "ಇಲ್ಲಿ ಸ್ವಲ್ಪ ಇಳಿಸು, ಅಲ್ಲಿ ಬಿಡು" ಅಂತಾರೆ, ನಾನು ಕೆತ್ತುತ್ತೀನಿ. ಕಣ್ಣು ಅವರದು, ಕೈ ನನ್ನದು. ಈಗ ಕಣ್ಣು ಗೋಡೆ ಕಡೆ ತಿರುಗಿ ಮಲಗಿದೆ. ಅವರಿಲ್ಲದೆ ನಾನು ಮಾಡಿದ ಹಲ್ಲು ನೋಡಿದ್ರೆ ಹುಣಸೆ ಬೀಜ.

ನಿನಗ್ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಮಾವನವರ ಕೈ ನಿನಗೆ ನೆನಪಿದೆಯಲ್ಲ, ನೀರಿನ ಲೋಟ ಎರಡು ಕೈಯಲ್ಲಿ ಹಿಡಿದ್ರೂ ಎದೆ ಮೇಲೆ ಚೆಲ್ಲಿಕೊಳ್ತಿದ್ರು. ನಿಮ್ಮಣ್ಣನಿಗೂ ಈಗ ಅದೇ ನಡುಕ. ರಕ್ತದಲ್ಲಿ ಬರುತ್ತಂತೆ. ತಮ್ಮನಿಗೆ ಬರಬಹುದು, ಬರದೆಯೂ ಇರಬಹುದು ಅಂದ್ರಂತೆ ಡಾಕ್ಟರು. ಆಸ್ಪತ್ರೆಯಿಂದ ಬಂದ ದಿನ ನಿಮ್ಮಣ್ಣ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. "ಬಿಚ್ಚಪ್ಪನಿಗೆ ಹೇಳ್ಬೇಡ. ಅವನದು ಕೂದಲೆಳೆ ಅಷ್ಟು ಜಾಗದಲ್ಲಿ ಬೆಸುಗೆ ಹಾಕೋ ಕೈ. ಗೊತ್ತಾದ್ರೆ ಆ ದಿನದಿಂದ ತನ್ನ ಕೈಯನ್ನೇ ನೋಡ್ಕೊಂಡು ಕೂರ್ತಾನೆ, ಬರದೇ ಇರೋ ಕಾಯಿಲೇನೂ ಬರಿಸ್ಕೊಳ್ತಾನೆ" ಅಂದ್ರು.

ನಿನ್ನ ಹತ್ರ ಮಿಷನ್ನು ಕೇಳಿದ್ದು ತಿಳಿದ್ರೆ ಆಣೆ ಮುರಿದೆ ಅಂತ ನೊಂದ್ಕೊಳ್ತಾರೆ, ಅದಕ್ಕೇ ಅವರಿಗೂ ಗುಟ್ಟು ಮಾಡಿದೆ. ನಿನ್ನಿಂದ ಮುಚ್ಚಿಡಬೇಕು ಅಂತ ನಾವು ಇಷ್ಟು ಪಾಡು ಪಟ್ವಿ. ನೀನು ಕದ್ದು ನೋಡಿದೆ.

ಪ್ರೋಗ್ರಾಂ ತೆಗೆಸಿದ್ದೀನಿ.

ಅತ್ತಿಗೆ

ಮಾರ್ಚ್ 9

ಅತ್ತಿಗೆಗೆ,

ಟೈಪ್ ಮಾಡಿ ಕಳಿಸ್ತಿದ್ದೀನಿ. ಅಂಗಡಿಗೆ ಒಂದು ಪ್ರಿಂಟರ್ ರಿಪೇರಿಗೆ ಬಂದಿತ್ತು, ಪರೀಕ್ಷೆ ಮಾಡಿದ ಹಾಗೂ ಆಯ್ತು.

ನೀವು ಬೈದಿದ್ದೆಲ್ಲ ಸರಿ. ಆ ಪ್ರೋಗ್ರಾಂ ನಾವು ದೂರದ ಗಿರಾಕಿಗಳಿಗೆ ಸಹಾಯ ಮಾಡೋಕೆ ಬಳಸೋದು. ನಿಮಗೆ ಹೇಳದೆ ಹಾಕಿದ್ದು ಸಹಾಯಕ್ಕಲ್ಲ. ನೀವು ಯಾರಿಗೆ ಬರೀತೀರಿ, ಯಾರ ಹತ್ರ ಮಾತಾಡ್ತೀರಿ ಅಂತ ಹಿಡಿಯೋಣ ಅಂತ ಹಾಕಿದೆ. ಅಣ್ಣನ ಪರವಾಗಿ ಕಾವಲು ಕೂತಿದ್ದೀನಿ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ.

ಮೊದಲ ದಿನ ತೆರೆದ್ರೆ ಪರದೆ ತುಂಬ ಒಂದು ಹಲ್ಲು. ಆನೆ ಹಲ್ಲಿನಷ್ಟು ದೊಡ್ಡದು, ನಿಧಾನ ತಿರುಗ್ತಾ ಇದೆ. ನಗು ಬಂತು, ಅಳುವೂ ಬಂತು. ಸ್ವಲ್ಪ ಹೊತ್ತಿಗೆ ಬಾಣ ಅದುರೋಕೆ ಶುರುವಾಯ್ತು. ನನ್ನ ಬುದ್ಧಿ ನೋಡಿ, ಮೌಸ್ ಕೆಟ್ಟಿದೆ ಅಂದ್ಕೊಂಡೆ. ದಿನಾ ಅದನ್ನೇ ನೋಡೋನಲ್ವಾ. ಆದ್ರೂ ಅವತ್ತು ಅಣ್ಣನ ಫೋನು ಬಿದ್ದ ಸದ್ದು ತಲೆ ಕೊರೀತಿತ್ತು, ಅದಕ್ಕೇ ಡಾಕ್ಟರ ಮಾತೂ ಕೇಳಿ ಹೊಸದು ಕಳಿಸಿದೆ. ಅದು ತಲುಪಿದ ಮೇಲೂ ಒಂದಷ್ಟು ಹೊತ್ತು ಬಾಣ ನೆಟ್ಟಗೆ ಹೋಗುತ್ತೆ, ಮತ್ತೆ ಅದುರುತ್ತೆ. ಕೆಟ್ಟ ಮೌಸ್ ಹಾಗೆ ಬಿಟ್ಟು ಬಿಟ್ಟು ಕೆಡಲ್ಲ. ಇಬ್ಬರ ಕೈ ಅಂತ ಆಗ ಹೊಳೀತು. ಅದುರೋ ಕೈ ನಿಲ್ಲೋಕೆ ಮೊದಲು ಎರಡು ಸಲ ಎಡಕ್ಕೆ ಜಾರುತ್ತಲ್ಲ, ಅಪ್ಪನ ಲೋಟವೂ ಹಾಗೇ ಜಾರ್ತಿತ್ತು.

ಶುಕ್ರವಾರ ನಿಮ್ಮ ಹಲ್ಲಿನ ಪ್ರೋಗ್ರಾಂ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮಾಮೂಲಿಯದರ ಮೇಲೆ ಓಡ್ತಿತ್ತು, ಚಿತ್ರ ಮುಗ್ಗರಿಸ್ತಿತ್ತು. ಅಷ್ಟು ಕಷ್ಟಪಟ್ಟು ಗೀರು ಎಳೀತಿರೋನಿಗೆ ಮಿಷನ್ನೂ ತೊಂದರೆ ಕೊಡಬೇಕಾ ಅನ್ನಿಸ್ತು. ತಡೆಯೋಕಾಗದೆ ಕೈ ಹಾಕಿ ಸರಿಮಾಡಿಬಿಟ್ಟೆ. ಆ ಕಡೆ ಅವನ ಕೈಕೆಳಗೆ ಬಾಣ ತಾನಾಗೇ ಓಡಿದ್ರೆ ಅವನೇನು ಅಂದ್ಕೊಳ್ತಾನೆ ಅನ್ನೋದು ತಲೆಗೇ ಬರಲಿಲ್ಲ.

ದಯವಿಟ್ಟು ಅಣ್ಣನಿಗೆ ಎಲ್ಲ ಹೇಳಿಬಿಡಿ. ಅವತ್ತು ಓಡಿದ್ದು ಅವನ ಕೈಯಲ್ಲ, ನನ್ನದು. ನನ್ನ ಮಾನ ಹೋದ್ರೂ ಚಿಂತೆಯಿಲ್ಲ. ಹದಿನೈದರೊಳಗೆ ಅವನು ಎದ್ದು ಟೇಬಲ್ ಹತ್ರ ಬರಬೇಕು. ತಮ್ಮ ಅಂತ ಮತ್ತೆ ನನ್ನ ಕರೀದಿದ್ರೂ ಸರಿ.

ನನ್ನ ಕೈ ಕಲ್ಲಿನ ಹಾಗಿದೆ, ಆ ಚಿಂತೆ ಇಬ್ಬರೂ ಬಿಡಿ.

ಮೈದುನ

ಮಾರ್ಚ್ 18

ಬಿಚ್ಚಪ್ಪ,

ನಿನ್ನ ಕಾಗದ ಬಂದಾಗ ನನಗಿನ್ನೂ ಅನುಮಾನ. ಅಣ್ಣನ ಸಮಾಧಾನಕ್ಕೆ ಹೊಸ ಸುಳ್ಳು ಕಟ್ಟಿರಬಹುದಾ ಅಂತ. ರಿಪೇರಿಯೋನ ಹತ್ರ ಮತ್ತೆ ಹೋಗಿ "ಆ ಶುಕ್ರವಾರ ಹೊರಗಿಂದ ಯಾರಾದ್ರೂ ಕೈ ಹಾಕಿದ್ದಾರಾ ನೋಡಪ್ಪಾ" ಅಂದೆ. ಹಾಕಿದ್ದಾರೆ ಅಂದ. ಆಮೇಲೇ ಮನೆಗೆ ಬಂದು ಬಾಯಿಬಿಟ್ಟಿದ್ದು. ನಿನ್ನ ಮೇಲೆ ಇಷ್ಟು ಅನುಮಾನ ಪಟ್ಟಿದ್ದಕ್ಕೆ ನನಗೇನೂ ಪಶ್ಚಾತ್ತಾಪ ಇಲ್ಲ, ಹೇಳಿಟ್ಟಿರ್ತೀನಿ.

ಒಂದೂ ಬಿಡದೆ ಹೇಳಿದೆ. ಲ್ಯಾಪ್‌ಟಾಪ್ ನಿನ್ನದು ಅಂತ, ಆಣೆ ಮುರಿದೆ ಅಂತ, ನೀನು ಇಣುಕಿದೆ ಅಂತ. ಕೂಗಾಡ್ತಾರೆ, ಮಿಷನ್ನು ಎತ್ತಿ ಬಿಸಾಕ್ತಾರೆ ಅಂತ ಬಾಗಿಲ ಹತ್ರವೇ ನಿಂತಿದ್ದೆ. ಅವರು ನಿನ್ನ ಕಾಗದ ಇಸ್ಕೊಂಡು ಕಿಟಕಿ ಬೆಳಕಿಗೆ ಹಿಡಿದು ಓದಿದ್ರು. ಮಡಚಿ ತೊಡೆ ಮೇಲಿಟ್ಕೊಂಡ್ರು. "ಹಾಗಾದ್ರೆ ಅದು ನನ್ನ ಕೈಯಲ್ಲ" ಅಂದ್ರು. ಇನ್ನೊಮ್ಮೆ ಅಂದ್ರು. ಎದ್ದು ಮುಖ ತೊಳ್ಕೊಂಡು ಬಂದು ನನ್ನ ಪಕ್ಕ ಕುರ್ಚಿ ಎಳ್ಕೊಂಡ್ರು. "ಹುಣಸೆ ಬೀಜ ಎಲ್ಲಿ, ತೋರಿಸು" ಅಂದ್ರು ಕಣೋ. ಅವತ್ತು ನಾನು ನಕ್ಕಿದ್ದು ಮೇಲ್ಗಡೆ ಟೀಚರಿಗೂ ಕೇಳಿಸಿರಬೇಕು.

ಮೂರು ಹಲ್ಲೂ ಆಯ್ತು. ಯಜಮಾನಿ ಅದನ್ನ ಅತ್ಲಾಗೆ ಇತ್ಲಾಗೆ ತಿರುಗಿಸಿ ನೋಡಿ ಒಂದರಲ್ಲಿ ಕಚ್ಚುವಾಗ ತಗಲುತ್ತೆ ಅಂತ ವಾಪಸ್ ಕೊಟ್ರು, ಎರಡು ಒಪ್ಪಿದ್ರು. ಮೂರು ತಿಂಗಳು ನೋಡೋಣ ಅಂದಿದ್ದಾರೆ. ನೋಡಲಿ. ಮಿಷನ್ನು ಮಾತ್ರ ದಿನವಿಡೀ ದುಡಿದ್ರೂ ದಣಿಯಲ್ಲ. ಬಸ್ಸಲ್ಲಿ ಒಮ್ಮೆ ಜಾರಿಬಿತ್ತು, ಈಗ ಎಡಗಡೆ ಮೂಲೆಗೂ ಒಂದು ತಗ್ಗು.

ಈಗ ನಿಮ್ಮಣ್ಣ ಹೇಳಿ ಬರೆಸ್ತಿರೋ ಮಾತು. ನನ್ನ ಮಾತಲ್ಲ, ಅವರ ಮಾತು ಇದ್ದ ಹಾಗೇ ಬರೀತೀನಿ. "ಇಣುಕಿದ್ದು ತಪ್ಪು, ಅದಕ್ಕೆ ಸಿಕ್ಕಾಗ ಎರಡು ಬಿಡ್ತೀನಿ. ಅದಿರಲಿ. ನಿನ್ನ ಕಾಗದ ಯಾಕೆ ಪ್ರಿಂಟಾಗಿ ಬಂದಿದೆ? ಹಿಂದಿನವೆಲ್ಲ ಕೈಯಲ್ಲಿ ಬರೆದಿದ್ವಂತೆ, ನಿಮ್ಮತ್ತಿಗೆ ತೋರಿಸಿದ್ಳು. ಪ್ರಿಂಟರ್ ಕಥೆ ನನ್ನ ಕಿವಿಗೆ ಹೂವಿಡೋಕೆ ಬೇಡ. ಕೈಯಲ್ಲಿ ಬರಿ. ಉದ್ದ ಬೇಡ, ನಾಲ್ಕು ಸಾಲು ಸಾಕು."

ಬೇಗ ಬರಿ ಪುಟ್ಟಾ. ಈ ಸಲ ಮನೆ ವಿಳಾಸಕ್ಕೇ ಹಾಕು, ಅವರು ದಿನಾ ಪೋಸ್ಟಿನೋನ ದಾರಿ ಕಾಯ್ತಾ ಬಾಗಿಲಲ್ಲಿ ನಿಂತಿರ್ತಾರೆ.

ಅತ್ತಿಗೆ

ಮಾರ್ಚ್ 25

ಅಣ್ಣಾ,

ನೋಡು, ಕೈಯಲ್ಲೇ ಬರೀತಿದ್ದೀನಿ. ನನ್ನ ಅಕ್ಷರ ಯಾವಾಗ ನೆಟ್ಟಗಿತ್ತು ಹೇಳು.

ಪ್ರಿಂಟರ್ ಬಂದಿದ್ದು ನಿಜ. ಆದ್ರೆ ಟೈಪ್ ಮಾಡಿದ್ದು ಅದಕ್ಕಲ್ಲ. ಪೆನ್ನು ಹಿಡಿದು ನನ್ನ ಅಕ್ಷರ ನಾನೇ ನೋಡೋಕೆ ಹೆದರಿಕೆಯಾಯ್ತು. ಬಾಣ ಅದುರಿಸ್ತಿರೋದು ನಿನ್ನ ಕೈ ಅಂತ ಹೊಳೆದ ದಿನದಿಂದ ಅಂಗಡಿ ಬಾಗಿಲು ತೆಗೆದ ತಕ್ಷಣ ಬೆಸುಗೆ ಕಡ್ಡಿ ಹಿಡಿದು ತುದಿ ನೋಡ್ತಾ ನಿಲ್ತೀನಿ. ಮೊದಲು ಅಲ್ಲಾಡ್ತಿರಲಿಲ್ಲ. ಆಮೇಲೆ ಅಲ್ಲಾಡಿದ ಹಾಗೆ ಅನ್ನಿಸ್ತು. ಹೋದ ವಾರ ಒಬ್ಬರ ಬೋರ್ಡು ಸುಟ್ಟುಬಿಟ್ಟೆ, ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಕಲ್ಲಿನ ಹಾಗಿದೆ ಅಂತ ಅತ್ತಿಗೆಗೆ ಬರೆದಿದ್ದು ಸುಳ್ಳು. ನೀನು ಹೇಳಿದ ಹಾಗೇ ಆಗಿದೆ, ನನ್ನ ಕೈಯನ್ನೇ ನೋಡ್ಕೊಂಡು ಕೂತಿದ್ದೀನಿ.

ಡಾಕ್ಟರ ಹತ್ರ ಹೋಗೋಕೆ ಧೈರ್ಯ ಇಲ್ಲ. ಈ ಶನಿವಾರ ಅಂಗಡಿ ಮುಚ್ಚಿ ಬಸ್ ಹತ್ತುತ್ತೀನಿ. ಎರಡು ಬಿಡೋದಿದ್ರೆ ಬಾಗಿಲಲ್ಲೇ ಬಿಟ್ಟುಬಿಡು. ಆಮೇಲೆ ನಿನ್ನ ಎದುರು ಕೈ ಚಾಚಿ ಕೂರ್ತೀನಿ. ಇದು ಹೆದರಿಕೆಯ ನಡುಕವೋ ಅಪ್ಪನ ನಡುಕವೋ ನನಗೆ ತಿಳೀತಿಲ್ಲ. ನಿನಗೆ ತಿಳಿಯುತ್ತೆ. ನೋಡಿ ಹೇಳು, ಏನಿದ್ರೂ ನನ್ನಿಂದ ಮುಚ್ಚಿಡಬೇಡ.

ನಿನ್ನ ತಮ್ಮ